ಕೆಂಪಾದದ್ದೆಲ್ಲ ನಾಚಿಕೆಯಲ್ಲ

ಅವಳು ಅವನ ಎದುರು ಮೊದಲ ಸಲ ಕೆಂಪಾದದ್ದು ಕಾಫಿ ಮೆಷಿನ್ನಿನ ಮುಂದೆ.

"ನಮಸ್ಕಾರ, ನಾನು ಪಕ್ಕದ ರೂಮಿನವನು," ಅಂದಿದ್ದ ಅವನು. "ಇಲ್ಲಿ ಎಲ್ಲರೂ ನನ್ನನ್ನ ಮೊಡವೆ ಡಾಕ್ಟ್ರು ಅಂತಾರೆ. ನೀವೂ ಹಾಗೇ ಅನ್ನಬಹುದು, ಬೇಜಾರಿಲ್ಲ."

"ನನ್ನನ್ನ ಏನಂತಾರೆ?"

"ಸದ್ಯಕ್ಕೆ ಹೊಸ ಡಾಕ್ಟ್ರು. ಇನ್ನೊಬ್ಬರು ಬರೋವರೆಗೂ ಆ ಪಟ್ಟ ನಿಮ್ಮದೇ."

ಅವಳು ನಕ್ಕಳು. ನಗುತ್ತ ಕಪ್ಪಿನ ಕಡೆ ಬಾಗಿದಳು. ಬಾಗಿದವಳ ಕೆನ್ನೆಯ ನಡುವಿನಿಂದ ಮೂಗಿನ ತುದಿಯವರೆಗೆ ಒಂದು ಗಾಢ ಬಣ್ಣ ಮೆಲ್ಲಗೆ ಹರಡಿತು. ಅವಳದು ಕಂದು ಮೈಬಣ್ಣ. ಬೇರೆಯವರಾಗಿದ್ದರೆ ಗಮನಿಸುತ್ತಲೂ ಇರಲಿಲ್ಲ. ಆದರೆ ಮುಖ ನೋಡುವುದು ಅವನ ಕಸುಬು. ಅವನು ನೋಡಿದ, ಮತ್ತು ಅದು ತನಗಾಗಿ ಬಂದದ್ದೆಂದು ಅಲ್ಲೇ ತೀರ್ಮಾನಿಸಿದ.

ಅದೊಂದು ಚರ್ಮದ ಆಸ್ಪತ್ರೆ. ಕೆಳಗೆ ಔಷಧಿ ಅಂಗಡಿ, ಮೇಲೆ ರೋಗಿಗಳು ಕಾಯುವ ಹಾಲಿನ ತುಂಬ ಕುರ್ಚಿ, ಹಾಲಿನಾಚೆ ಎರಡು ರೂಮು. ಎರಡೂ ರೂಮಿಗೆ ನಡುವೆ ಒಂದೇ ವಾಶ್‌ಬೇಸಿನ್ನು, ಅದರ ಮೇಲೊಂದು ಕನ್ನಡಿ, ಆ ಕಡೆ ಈ ಕಡೆ ಒಂದೊಂದು ಬಾಗಿಲು. ಆಸ್ಪತ್ರೆಯ ಯಜಮಾನರ ಸೊಸೆಯೂ ಚರ್ಮದ ಡಾಕ್ಟರೇ. ಅವಳು ಬಾಣಂತನಕ್ಕೆ ತವರಿಗೆ ಹೋದದ್ದರಿಂದ ಹೊಸ ಡಾಕ್ಟರ್ ಬಂದಿದ್ದಳು. ಸೊಸೆ ವಾಪಸ್ಸು ಬಂದ ಕೂಡಲೇ ಇವಳು ಬೇರೆ ಊರಿನ ದೊಡ್ಡ ಆಸ್ಪತ್ರೆಗೆ ಹೊರಡುವುದೆಂದು ಮೊದಲೇ ಗೊತ್ತಾಗಿತ್ತು. ಅಷ್ಟರೊಳಗೆ ಏನಾದರೂ ಆಗಬೇಕಿತ್ತು, ಇಲ್ಲದಿದ್ದರೆ ಇಲ್ಲ.

ಅವನ ರೂಮಿಗೆ ಬರುತ್ತಿದ್ದವರು ಹಣೆಯ ಮೇಲೆ ಕೂದಲು ಇಳಿಬಿಟ್ಟ ಕಾಲೇಜು ಹುಡುಗರು, ಮದುವೆ ಹತ್ತಿರ ಬಂದ ಹುಡುಗಿಯರು, ಕೌಂಟರಿನಲ್ಲಿ ನಿಂತು ಕೆಲಸ ಮಾಡುವವರು. ಅವನು ಯಾರನ್ನೂ ಗದರುತ್ತಿರಲಿಲ್ಲ. ಮುಖ ಉಜ್ಜಬೇಡಿ, ಮೊಡವೆ ಹಿಚುಕಬೇಡಿ, ಟೂತ್‌ಪೇಸ್ಟು ಇರುವುದು ಹಲ್ಲಿಗೆ, ಎನ್ನುತ್ತಿದ್ದ. ದಿನಕ್ಕೆ ಅತಿ ಹೆಚ್ಚು ಸಲ ಹೇಳುತ್ತಿದ್ದ ಮಾತು ಇದು: "ನಿಮ್ಮ ಕಾಯಿಲೆ ಏನು ಅಂತ ನೀವೇ ತೀರ್ಮಾನ ಮಾಡ್ಕೋಬೇಡಿ."

ಈ ಮಾತನ್ನು ತನಗೆ ಹೇಳಿಕೊಳ್ಳಲು ಅವನಿಗೆ ಪುರುಸೊತ್ತು ಸಿಗಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ.

ಸಾಕ್ಷಿ ಏನು ಕಡಿಮೆ ಇರಲಿಲ್ಲ. ಬೆಳಗ್ಗೆ ಅವನು ಬಿಸಿ ಕಾಫಿ ತಂದುಕೊಟ್ಟರೆ ಮೊದಲ ಗುಟುಕಿಗೇ ಅವಳು ಕೆಂಪಾಗುತ್ತಿದ್ದಳು. ಮಧ್ಯಾಹ್ನ ಅವನ ರೂಮಿನ ಕಿಟಕಿ ಪಕ್ಕದ ಕುರ್ಚಿಯಲ್ಲಿ, ಬಿಸಿಲಿಗೆ ಮುಖ ಮಾಡಿ ಕೂತು ಮಾತಾಡಿದರೆ ಕೆಂಪಾಗುತ್ತಿದ್ದಳು. ಲಿಫ್ಟ್ ಕೆಟ್ಟ ದಿನ ಇಬ್ಬರೂ ಜೊತೆಯಲ್ಲಿ ಮೆಟ್ಟಿಲು ಹತ್ತಿ ಬಂದಾಗ ಕೆಂಪಾದಳು. ಅವನ ಜೋಕಿಗೆ ನಕ್ಕಾಗಲಂತೂ ಹೇಳುವುದೇ ಬೇಡ. ಅವನು ಎಲ್ಲವನ್ನೂ ಜೋಪಾನವಾಗಿ ಎತ್ತಿಟ್ಟುಕೊಂಡ.

ಮತ್ತೆ ಆ ಕನ್ನಡಿ. ಇಬ್ಬರೂ ಕೈ ತೊಳೆಯಲು ಒಂದೇ ಹೊತ್ತಿಗೆ ಬಂದರೆ ಕಣ್ಣುಗಳು ಕನ್ನಡಿಯಲ್ಲೇ ಸೇರುತ್ತಿದ್ದವು. ಅವಳು ಒಂದು ಹುಬ್ಬು ಮಾತ್ರ ಎತ್ತುತ್ತಿದ್ದಳು, ಇನ್ನೊಂದು ಇದ್ದಲ್ಲೇ ಇರುತ್ತಿತ್ತು. ಒಂದು ದಿನ ಒದ್ದೆ ಬೆರಳುಗಳನ್ನು ಅವನ ಕಡೆಗೇ ಕೊಡವಿದಳು.

"ನೀರು ಹಾರಿಸ್ತಿದೀರ," ಅಂದ.

"ಟವೆಲ್ ನಿಮ್ಮ ಕಡೆ ಇದೆ. ಎರಡು ಸಲ ಕೇಳಿದೆ."

"ಕೇಳಿಸಲಿಲ್ಲ."

"ಕಿವಿಗೆ ಬೇರೆ ಡಾಕ್ಟರ್ ಇದಾರೆ. ಚೀಟಿ ಬರೆದುಕೊಡ್ಲಾ?"

ಅವಳು ಟವೆಲ್ ತಗೊಂಡು ಹೋದಮೇಲೂ ಅವನು ಕನ್ನಡಿಯ ಮುಂದೆಯೇ ನಿಂತಿದ್ದ. ತನಗೆ ಬಹಳ ಸಂತೋಷವಾಗಿದೆ ಎನ್ನುವುದು ಅವನಿಗೆ ಆಗ ಗೊತ್ತಾಯಿತು. ಇಷ್ಟು ವರ್ಷ ಬೇರೆಯವರ ಮುಖ ನೋಡಿ ಸಂಜೆಗೆ ಅಕ್ಕನ ಮನೆಗೆ ಊಟಕ್ಕೆ ಹೋಗುವ ಜೀವನ ಅವನದು. ಯಾರಾದರೂ ತನ್ನ ಮುಖಕ್ಕಾಗಿ ಕಾಯುತ್ತಾರೆ ಎನ್ನುವ ಯೋಚನೆಯೇ ಅವನಿಗೆ ಹೊಸದು.

ಟೋಕನ್ ಕೊಡುತ್ತಿದ್ದ ಹಿರಿಯ ನರ್ಸ್ ಇದನ್ನೆಲ್ಲ ನೋಡುತ್ತಿದ್ದರು. ಅವರನ್ನು ಆಸ್ಪತ್ರೆಯ ಯಜಮಾನರೂ ಸಿಸ್ಟರ್ ಎಂದೇ ಕರೆಯುತ್ತಿದ್ದರು, ಸ್ವಲ್ಪ ಹೆದರುತ್ತಲೂ ಇದ್ದರು.

"ಡಾಕ್ಟ್ರೇ, ಕೈ ತೊಳೆದೂ ತೊಳೆದೂ ಚರ್ಮ ಸುಲಿದುಹೋಗುತ್ತೆ," ಅಂದರು ಸಿಸ್ಟರ್.

"ಸ್ವಚ್ಛತೆ ಮುಖ್ಯ ಸಿಸ್ಟರ್."

"ಹೌದೌದು. ಅವರು ರಜಾ ಹಾಕಿದ ದಿನ ನಿಮ್ಮ ಸೋಪು ಹಾಗೇ ಒಣಗಿತ್ತು."

ಅಕ್ಕನಿಗೆ ಒಂದು ಡ್ರೈವಿಂಗ್ ಸ್ಕೂಲ್ ಇತ್ತು. ಎರಡೂ ಕಡೆ ಬ್ರೇಕ್ ಇರುವ ಕಾರಿನಲ್ಲಿ ಊರಿನ ಅರ್ಧ ಜನಕ್ಕೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವಳು. ಸಂಜೆ ಪಾಠ ಮುಗಿಸಿ ಅದೇ ಕಾರಿನಲ್ಲಿ ತಮ್ಮನನ್ನು ಕರೆದುಕೊಂಡು ಮನೆಗೆ ಹೋಗುತ್ತಿದ್ದಳು. ತಮ್ಮ ಪಕ್ಕದ ಸೀಟಿನಲ್ಲಿ ಕೂತು ವಿಷಯ ಹೇಳಿದ.

"ಅವಳು ಹೇಳಿದ್ಲಾ?" ಅಂತ ಕೇಳಿದಳು ಅಕ್ಕ.

"ಹೇಳೋದೇನು ಬಂತು? ಮುಖ ನೋಡಿದ್ರೆ ಗೊತ್ತಾಗುತ್ತೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

ಅಕ್ಕ ಮುಂದಿನ ಕಾರನ್ನು ತೋರಿಸಿದಳು. ಅದರ ಬಲಗಡೆಯ ಇಂಡಿಕೇಟರ್ ಮಿಣಮಿಣ ಅನ್ನುತ್ತಿತ್ತು.

"ಅವನು ಬಲಕ್ಕೆ ತಿರುಗ್ತಾನೆ ಅಂತ ನೀನು ಎಡಗಡೆಯಿಂದ ನುಗ್ತೀಯಾ?"

"ಇಂಡಿಕೇಟರ್ ಹಾಕಿದಾನಲ್ಲ."

ಆ ಕಾರು ನೇರವಾಗಿ ಹೋಯಿತು. ಇಂಡಿಕೇಟರ್ ಮಿಣುಕುತ್ತಲೇ ಇತ್ತು.

"ಹಾಕಿದ್ದು ಮರೆತಿರ್ತಾರೆ. ಕೆಟ್ಟಿರುತ್ತೆ. ಕೈ ತಾಗಿರುತ್ತೆ," ಅಂದಳು ಅಕ್ಕ. "ಬೆಳ್ಳಗಿರೋದೆಲ್ಲ ಹಾಲಲ್ಲ ಕಣೋ, ಕೆಂಪಗಿರೋದೆಲ್ಲ ನಾಚಿಕೆ ಅಲ್ಲ. ಬಾಯಿಬಿಟ್ಟು ಕೇಳು."

ಅವನು ನಕ್ಕುಬಿಟ್ಟ. ಮುಖದ ವಿಷಯದಲ್ಲಿ ಅಕ್ಕ ತನಗೆ ಪಾಠ ಹೇಳುವುದು ಅವನಿಗೆ ತಮಾಷೆಯಾಗಿ ಕಂಡಿತು.

ಮುಂದಿನ ವಾರ ಒಂದು ಸಂಜೆ ರೋಗಿಗಳೆಲ್ಲ ಹೋದಮೇಲೆ ಅವನು ಎರಡು ಕಪ್ಪು ಕಾಫಿ ಹಿಡಿದು ಅವಳ ರೂಮಿಗೆ ಹೋದ. ಅವಳು ಕುಡಿದಳು, ಕೆಂಪಾದಳು. ಅವನಿಗೆ ಧೈರ್ಯ ಬಂತು.

"ನೀವೇನೂ ಹೇಳಬೇಕಾಗಿಲ್ಲ," ಅಂದ ಮೆಲ್ಲಗೆ. ಈ ಮಾತನ್ನು ಅವನು ಹಿಂದಿನ ದಿನವೇ ಜೋಡಿಸಿಟ್ಟುಕೊಂಡಿದ್ದ. "ನನಗೆ ಎಲ್ಲಾ ಗೊತ್ತು. ಬಂದ ದಿನದಿಂದ ನಿಮ್ಮ ಮುಖಾನೇ ಹೇಳ್ತಿದೆ. ನನಗೂ ಹಾಗೇ ಇದೆ."

ಅವಳು ಕಪ್ಪನ್ನು ಮೇಜಿನ ಮೇಲಿಟ್ಟಳು.

"ನನ್ನ ಮುಖ ಏನು ಹೇಳ್ತಿದೆ?"

"ನನ್ನನ್ನ ಕಂಡ್ರೆ ನಾಚ್ಕೋತೀರಲ್ಲ. ಈಗಲೂ."

ಅವಳು ಎದ್ದು ವಾಶ್‌ಬೇಸಿನ್ನಿಗೆ ಹೋದಳು. ನಲ್ಲಿ ಬಹಳ ಹೊತ್ತು ಹರಿಯಿತು. ಹತ್ತಿಯ ಉಂಡೆಗಳು ಒಂದೊಂದಾಗಿ ಕಸದ ಬುಟ್ಟಿಗೆ ಬಿದ್ದವು. ಮೊದಲು ಕಂದು ಬಣ್ಣದ್ದು, ಆಮೇಲೆ ತೆಳು ಹಸಿರು. ಕೆಂಪು ಮುಚ್ಚಲು ಮೇಕಪ್ಪಿನ ಕೆಳಗೆ ಹಸಿರು ಹಚ್ಚುತ್ತಾರೆ ಎನ್ನುವುದು ಅವನಿಗೂ ಗೊತ್ತಿತ್ತು.

ಅವಳು ಬಂದು ರೋಗಿಯ ಸ್ಟೂಲಿನ ಮೇಲೆ ಕೂತು, ಭೂತಗನ್ನಡಿಯ ದೀಪವನ್ನು ತನ್ನ ಕಡೆ ಎಳೆದುಕೊಂಡಳು.

"ಈಗ ನೋಡಿ. ಡಾಕ್ಟರ್ ಆಗಿ ನೋಡಿ."

ಅವನು ಬಾಗಿದ. ಕೆನ್ನೆಯ ಮೇಲೆ ಸಣ್ಣ ಗುಳ್ಳೆಗಳು. ಮೂಗಿನ ಪಕ್ಕದಲ್ಲಿ ನೂಲಿಗಿಂತ ತೆಳುವಾದ ರಕ್ತನಾಳಗಳು. ಒಟ್ಟು ಬಣ್ಣ ತಾಮ್ರದ ಪಾತ್ರೆಯ ಹಾಗೆ, ಕೆಂಪೆಂದರೆ ಕೆಂಪು, ಕಂದೆಂದರೆ ಕಂದು.

"ಬ್ಲ್ಯಾಕ್‌ಹೆಡ್ ಎಲ್ಲಿದೆ ತೋರಿಸಿ," ಅಂದಳು.

"ಇಲ್ಲ. ಒಂದೂ ಇಲ್ಲ."

"ಬ್ಲ್ಯಾಕ್‌ಹೆಡ್ ಇಲ್ಲದ ಮೊಡವೆ ಎಲ್ಲಾದ್ರೂ ಉಂಟಾ, ಮೊಡವೆ ಡಾಕ್ಟ್ರೇ?"

ಅವಳು ಟ್ರೇಯಿಂದ ಒಂದು ಗಾಜಿನ ಸ್ಲೈಡ್ ತೆಗೆದು ಅವನ ಕೈಗೆ ಕೊಟ್ಟಳು.

"ಒತ್ತಿ ನೋಡಿ."

ಅವನು ಗಾಜನ್ನು ಅವಳ ಕೆನ್ನೆಗೆ ಒತ್ತಿದ. ಗಾಜಿನ ಕೆಳಗೆ ಬಣ್ಣ ಮಾಯವಾಯಿತು. ಎತ್ತಿದ ಕೂಡಲೇ ಮತ್ತೆ ಬಂತು. ಅವನು ಅವಳನ್ನು ಮುಟ್ಟಿದ್ದು ಅದೇ ಮೊದಲು, ಅದೂ ಗಾಜಿನ ಮೂಲಕ. ಅವಳ ಮುಖ ಅಲುಗಲಿಲ್ಲ.

"ರೊಸೇಶಿಯಾ," ಅಂದ. ಮುಖದ ರಕ್ತನಾಳಗಳು ಹಿಗ್ಗಿ ಚರ್ಮ ಪದೇ ಪದೇ ಕೆಂಪೇರುವ, ಉರಿಯುವ ಕಾಯಿಲೆ.

"ಯಾವ್ಯಾವುದಕ್ಕೆ ಹೆಚ್ಚಾಗುತ್ತೆ? ಪರೀಕ್ಷೆಗೆ ಬಾಯಿಪಾಠ ಮಾಡಿರ್ತೀರಲ್ಲ, ಹೇಳಿ."

"ಬಿಸಿ ಬಿಸಿ ಕಾಫಿ, ಟೀ," ಅಂತ ಶುರುಮಾಡಿದ. ಮೇಜಿನ ಮೇಲಿದ್ದ ಕಪ್ಪು ಕಾಣಿಸಿತು. "ಬಿಸಿಲು." ಕಿಟಕಿ ಪಕ್ಕದ ಕುರ್ಚಿ ನೆನಪಾಯಿತು. "ಮೈ ಬಿಸಿಯಾಗೋ ಕೆಲಸ. ಮೆಟ್ಟಿಲು ಹತ್ತೋದು. ಜೋರಾಗಿ ನಗೋದು."

ಒಂದೊಂದಾಗಿ ಅವನ ಸಾಕ್ಷಿಗಳೆಲ್ಲ ಎದ್ದು ಎದುರು ಪಾರ್ಟಿಗೆ ಹೋದವು. ಅವನ ಧ್ವನಿ ಇಳಿಯುತ್ತ ಹೋಯಿತು.

"ಸ್ಕೂಲಲ್ಲಿ ಟೀಚರ್ ನಾನು ಸುಳ್ಳು ಹೇಳ್ತೀನಿ ಅಂತಿದ್ರು. ತಪ್ಪು ಮಾಡದಿದ್ರೆ ಮುಖ ಯಾಕೆ ಕೆಂಪಾಗುತ್ತೆ ಅಂತ," ಅಂದಳು ಅವಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಬೇರೆ ಯಾರದೋ ಕೇಸ್ ಓದಿದ ಹಾಗಿತ್ತು. "ಮೂರು ಜನ ಡಾಕ್ಟರು ಮೊಡವೆ ಅಂತ ಔಷಧಿ ಕೊಟ್ರು. ಒಬ್ಬರೂ ಉರಿಯುತ್ತಾ ಅಂತ ಕೇಳಲಿಲ್ಲ. ಒಂದು ಸಂಬಂಧ ಗಟ್ಟಿಯಾಗಿತ್ತು. ಹುಡುಗನ ಅಮ್ಮ ನನ್ನ ಮುಖ ನೋಡಿ, ಹುಡುಗಿ ಕುಡೀತಾಳೆ ಅಂದ್ರು. ಹುಡುಗ ಬಂದು ನನ್ನನ್ನ ಒಂದು ಮಾತು ಕೇಳಲಿಲ್ಲ. ಎಲ್ಲರೂ ನನ್ನ ಮುಖವನ್ನ ಕೇಳ್ತಾರೆ, ನನ್ನನ್ನ ಬಿಟ್ಟು. ಅದಕ್ಕೇ ಈ ಓದು ಓದಿದ್ದು. ನೀವಾದ್ರೂ ಡಾಕ್ಟರ್ ಅಂದ್ಕೊಂಡಿದ್ದೆ."

ಅವನು ಸ್ಲೈಡನ್ನು ಕೆಳಗಿಟ್ಟ.

"ಹಾಗಾದ್ರೆ ನಿಮಗೆ ನನ್ನ ಮೇಲೆ ಏನೂ..."

"ಅದನ್ನ ನೀವು ಕೇಳಲೇ ಇಲ್ಲ. ನೀವೇ ಹೇಳಿಬಿಟ್ರಿ."

"ಕೇಳಿದ್ದಿದ್ರೆ?"

"ಕೇಳಿದ್ದಿದ್ರೆ ಯೋಚನೆ ಮಾಡ್ತಿದ್ದೆ," ಅಂದಳು, ಬ್ಯಾಗು ಎತ್ತಿಕೊಳ್ಳುತ್ತ. "ಈಗ ಮನೆಗೆ ಹೋಗ್ತೀನಿ."

ಮರುದಿನದಿಂದ ವಾಶ್‌ಬೇಸಿನ್ನಿನ ಆ ಕಡೆಯ ಬಾಗಿಲು ಮುಚ್ಚಿತ್ತು. ಅವಳು ಕೈಗೆ ಸ್ಯಾನಿಟೈಸರ್ ಹಾಕಿಕೊಳ್ಳುತ್ತಿದ್ದಳು. ಸಿಕ್ಕಾಗ ನಮಸ್ಕಾರ, ಕೇಳಿದ್ದಕ್ಕೆ ಉತ್ತರ, ಅಷ್ಟೇ. ಅವನಿಗೆ ಅವಮಾನವಾಗಿತ್ತು, ಅದಕ್ಕಿಂತ ಹೆಚ್ಚಾಗಿ ಸಂಕಟವಾಗಿತ್ತು. ಅವಳು ಇಲ್ಲವೆಂದಿದ್ದರೆ ಬೇರೆ ಮಾತು. ಇಲ್ಲವೆನ್ನುವ ಅವಕಾಶವನ್ನೂ ತಾನು ಅವಳಿಗೆ ಕೊಟ್ಟಿರಲಿಲ್ಲ ಎನ್ನುವುದು ಅವನನ್ನು ಕೊರೆಯುತ್ತಿತ್ತು.

ಹೀಗಿರುವಾಗ ಇಸ್ತ್ರಿ ಆಂಟಿ ಬಂದರು.

ಅವರದು ಹಿಂದಿನ ಬೀದಿಯಲ್ಲಿ ಇಸ್ತ್ರಿ ಅಂಗಡಿ. ಬಹಳ ದಿನದಿಂದ ಅವನ ರೋಗಿ. ಐವತ್ತು ದಾಟಿದಮೇಲೂ ಮೊಡವೆ ಹೋಗಲಿಲ್ಲವಲ್ಲ ಎಂದು ಅವನು ಪ್ರತಿ ಸಲ ಇನ್ನಷ್ಟು ಖಾರವಾದ ಕ್ರೀಮು ಬರೆಯುತ್ತಿದ್ದ. ಅಂದೂ ಪೆನ್ನು ಎತ್ತಿದ್ದ. ಎತ್ತಿದ್ದು ಹಾಗೇ ನಿಂತಿತು. ದೀಪ ಎಳೆದು ನೋಡಿದ. ಒಂದೂ ಬ್ಲ್ಯಾಕ್‌ಹೆಡ್ ಇರಲಿಲ್ಲ. ಗಾಜು ಒತ್ತಿದ. ಬಣ್ಣ ಹೋಯಿತು, ಬಂತು.

"ಆಂಟಿ, ನಾನು ಕೊಟ್ಟ ಕ್ರೀಮ್ ಹಚ್ಚಿದ್ರೆ ಉರಿಯುತ್ತಾ?"

"ಉರಿಯೋದಾ? ಮೆಣಸಿನಪುಡಿ ಹಚ್ಚಿದ ಹಾಗಾಗುತ್ತೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಔಷಧಿ ಅಂದಮೇಲೆ ಉರಿಯಲೇಬೇಕು ಅಂದ್ಕೊಂಡೆ. ನೀವೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ಅವನಿಗೆ ಆ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಎದ್ದು ಹೋಗಿ ಮುಚ್ಚಿದ ಬಾಗಿಲು ತಟ್ಟಿದ.

"ಒಂದು ಕೇಸ್ ನೋಡ್ತೀರಾ ಡಾಕ್ಟರ್? ನಾನು ತಪ್ಪು ಮಾಡಿದೀನಿ ಅನ್ಸುತ್ತೆ."

ಅವಳು ಬಂದಳು. ನೋಡಿದಳು. ಆಂಟಿಯ ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕೂತು ಕೇಳಲು ಶುರುಮಾಡಿದಳು. ಯಾವಾಗಿಂದ? ಯಾವ ಹೊತ್ತಿಗೆ ಜಾಸ್ತಿ? ಇಸ್ತ್ರಿ ಪೆಟ್ಟಿಗೆಯ ಹಬೆ ಮುಖಕ್ಕೆ ಬಡಿಯುತ್ತಾ? ಕಣ್ಣಲ್ಲಿ ಮರಳು ಬಿದ್ದ ಹಾಗಾಗುತ್ತಾ? ಆಂಟಿ ಎಲ್ಲದಕ್ಕೂ ಹೌದು ಹೌದು ಎನ್ನುತ್ತ ಕಣ್ಣರಳಿಸಿದರು.

"ಮುಖ ಹೀಗಾದಮೇಲೆ ಗಿರಾಕಿಗಳು ನಾನು ಸಿಟ್ಟಲ್ಲಿದೀನಿ ಅಂತ ಬಟ್ಟೆ ಇಟ್ಟು ಓಡಿಹೋಗ್ತಾರಮ್ಮ. ಚೌಕಾಸಿ ಮಾಡೋರು ಕಡಿಮೆ ಆದ್ರು, ಅದೊಂದು ಲಾಭ."

ಹೊಸ ಡಾಕ್ಟರ್ ನಕ್ಕಳು. ಅವನು ಅವಳ ಕೆನ್ನೆ ನೋಡಲಿಲ್ಲ. ನೋಡಬಾರದೆಂದು ಮೇಜಿನ ಕಡೆ ತಿರುಗಿದ್ದ. ಆಮೇಲೆ ಆಂಟಿಯ ಎದುರು ಕೂತ.

"ನಾನು ತಪ್ಪು ನೋಡಿದ್ದೆ, ಆಂಟಿ. ಇದು ಮೊಡವೆ ಅಲ್ಲ. ಇಷ್ಟು ದಿನ ಸುಮ್ಮನೆ ಉರಿ ಅನುಭವಿಸಿದ್ರಿ. ಕ್ಷಮಿಸಿ. ಆ ಕ್ರೀಮ್ ಎಲ್ಲಾ ಬಿಸಾಕಿ."

ಆಂಟಿ ಕೈ ಬೀಸಿದರು.

"ಹೋಗ್ಲಿ ಬಿಡಪ್ಪ. ನಾನೂ ಒಬ್ಬರ ರೇಷ್ಮೆ ಅಂಗಿ ಸುಟ್ಟಿದೀನಿ. ಆದ್ರೆ ನಾನು ಹೇಳಲಿಲ್ಲ. ಸುಟ್ಟಿದ್ದು ಒಳಗೆ ಬರೋ ಹಾಗೆ ಮಡಚಿ ಕಳಿಸಿಬಿಟ್ಟೆ."

ಅಂಗಡಿ ಬಿಡಿ ಎಂದು ಯಾರೂ ಆಂಟಿಗೆ ಹೇಳಲಿಲ್ಲ. ಫ್ಯಾನನ್ನು ಎಲ್ಲಿಡಬೇಕು, ಪೆಟ್ಟಿಗೆಯ ಮೇಲೆ ಬಾಗದೆ ಹೇಗೆ ನಿಲ್ಲಬೇಕು, ಬಿಸಿಲಿಗೆ ಏನು ಹಚ್ಚಬೇಕು, ಉರಿಯದ ಔಷಧಿ ಯಾವುದು ಎಂದು ಇಬ್ಬರೂ ಸೇರಿ ಹೇಳಿಕೊಟ್ಟರು. ಆಂಟಿ ಹೋದಮೇಲೆ ಅವಳು ಬಾಗಿಲಲ್ಲಿ ನಿಂತಳು.

"ಕಂದು ಚರ್ಮದಲ್ಲಿ ಬಣ್ಣವನ್ನ ನಂಬಬಾರದು," ಅಂದಳು. "ಪುಸ್ತಕದ ಫೋಟೋ ಎಲ್ಲಾ ಬಿಳಿ ಮುಖದ್ದು. ಕಣ್ಣಿಗೆ ಕಾಣದಿದ್ದಾಗ ಕೇಳಬೇಕು. ಅದೊಂದೇ ದಾರಿ."

"ಕಲೀತೀನಿ."

"ನೋಡೋಣ."

ಆ ದಿನ ಸಂಜೆ ವಾಶ್‌ಬೇಸಿನ್ನಿನ ಆ ಕಡೆಯ ಬಾಗಿಲು ತೆರೆದಿತ್ತು. ಟವೆಲ್ ಅವನ ಕಡೆಯ ಮೊಳೆ ಬಿಟ್ಟು ಕನ್ನಡಿಯ ಪಕ್ಕಕ್ಕೆ, ಇಬ್ಬರಿಗೂ ಸಿಗುವ ಜಾಗಕ್ಕೆ ಬಂದಿತ್ತು. ಯಾರು ಹಾಕಿದರೆಂದು ಅವನು ಕೇಳಲಿಲ್ಲ. ಸಿಸ್ಟರ್ ತಾವಲ್ಲ ಎಂದು ತಾವಾಗಿಯೇ ಹೇಳಿದರು.

ಅಲ್ಲಿಂದ ಮುಂದೆ ಅವನು ಕೇಳುವುದನ್ನು ರೂಢಿ ಮಾಡಿಕೊಂಡ. ಉರಿಯುತ್ತಾ? ಯಾವಾಗ? ನಿಮಗೆ ಏನನ್ಸುತ್ತೆ? ಇಷ್ಟು ದಿನ ಒಂದೇ ನೋಟದಲ್ಲಿ ಮುಗಿಯುತ್ತಿದ್ದ ರೋಗಿಗಳು ಈಗ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಹಾಲಿನಲ್ಲಿ ಟೋಕನ್ ಹಿಡಿದವರು ಗೊಣಗಿದರೆ ಸಿಸ್ಟರ್, "ಸ್ವಲ್ಪ ತಡ್ಕೊಳ್ಳಿ, ಡಾಕ್ಟ್ರು ಈಗಷ್ಟೇ ಮಾತಾಡೋದು ಕಲೀತಿದಾರೆ," ಎನ್ನುತ್ತಿದ್ದರು. ಇನ್ನೂ ಕೆಲವು ಕಂದು ಮುಖಗಳಲ್ಲಿ ಅವನು ತನ್ನ ಹಳೆಯ ತಪ್ಪನ್ನು ಕಂಡ. ಪ್ರತಿ ಸಲ ಬಾಗಿಲು ತಟ್ಟಿ ಅವಳನ್ನು ಕರೆದ.

ಅವಳಿಗೆ ಕಾಫಿಯ ಬಿಸಿ ಆರಿಸಿ ತರುತ್ತಿದ್ದ. ಕಿಟಕಿಗೆ ಪರದೆ ಹಾಕಿಸಿದ. ಜೋಕು ಮಾತ್ರ ಬಿಡಲಿಲ್ಲ, ಏಕೆಂದರೆ ಒಂದು ದಿನ ಕೇಳಿಯೇಬಿಟ್ಟಿದ್ದ.

"ನಕ್ಕರೆ ಉರಿಯುತ್ತಲ್ಲ. ಜೋಕ್ ನಿಲ್ಲಿಸ್ಲಾ?"

ಅವಳು ಕನ್ನಡಿಯಲ್ಲಿ ಅವನನ್ನು ನೋಡಿ ಒಂದು ಹುಬ್ಬು ಎತ್ತಿದಳು.

"ನಿಮ್ಮ ಜೋಕಿಗೆ ಅಷ್ಟೇನೂ ಉರಿಯಲ್ಲ. ಮುಂದುವರಿಸಿ."

ಬೇರೆ ಏನನ್ನೂ ಅವನು ಕೇಳಲಿಲ್ಲ. ಒಂದು ಸಲ ಮುಖಕ್ಕೆ ಹೊಡೆದ ಹಾಗೆ ಆಗಿತ್ತಲ್ಲ, ಬಿಸಿ ಹಾಲು ಕುಡಿದ ಬೆಕ್ಕಿನ ಹಾಗೆ ಹಿಂದೆಯೇ ಉಳಿದ. ಇರುವುದನ್ನು ಕಳೆದುಕೊಳ್ಳುವ ಬದಲು ಟವೆಲ್ಲಿನ ಅರ್ಧಭಾಗವೇ ಸಾಕು ಎಂದುಕೊಂಡ. ಸಾಕಾಗುತ್ತಿರಲಿಲ್ಲ.

ಯಜಮಾನರ ಸೊಸೆ ಮಗು ಎತ್ತಿಕೊಂಡು ವಾಪಸ್ಸು ಬಂದಳು. ಎಲ್ಲರೂ ಮಗುವಿನ ಕೆನ್ನೆ ಮುಟ್ಟಿ ಇಂಥ ಚರ್ಮ ಯಾರಿಗುಂಟು ಎಂದರು. ಹೊಸ ಡಾಕ್ಟರ್ ತನ್ನ ಭೂತಗನ್ನಡಿ, ಕಪ್ಪು, ಛತ್ರಿ ಎತ್ತಿಟ್ಟುಕೊಂಡಳು. ಮರುದಿನ ಬೆಳಗ್ಗೆ ಅವಳ ರೈಲು.

ಸಂಜೆ ಅವನು ಅವಳ ರೂಮಿನ ಬಾಗಿಲಲ್ಲಿ ನಿಂತ. ಖಾಲಿ ಮೇಜಿನ ಹಿಂದೆ ಅವಳು ಬ್ಯಾಗಿನ ಜಿಪ್ಪು ಎಳೆಯುತ್ತಿದ್ದಳು. ತಲೆ ಎತ್ತಿದಳು. ಅವನು ನೋಡಿದ, ನೋಡದೆ ಇರಲಾಗಲಿಲ್ಲ. ಅವಳ ಮುಖ ಒಂದೇ ಸಮನಾಗಿ, ಶಾಂತವಾಗಿ ಇತ್ತು. ಕೆನ್ನೆಯಲ್ಲಿ, ಮೂಗಿನಲ್ಲಿ ಎಲ್ಲೂ ಒಂದಿಷ್ಟು ಬಣ್ಣವಿರಲಿಲ್ಲ. ಮೇಕಪ್ಪೂ ಇರಲಿಲ್ಲ. ನಾಳೆ ಊರು ಬಿಡುವವಳು ಇವತ್ತು ಇಷ್ಟು ತಣ್ಣಗಿದ್ದಾಳೆ ಎಂದರೆ ಉತ್ತರ ಸಿಕ್ಕಿದ ಹಾಗೇ, ಎಂದುಕೊಂಡ.

"ಒಳ್ಳೇದಾಗ್ಲಿ ಡಾಕ್ಟರ್," ಅಂದ.

"ಥ್ಯಾಂಕ್ಸ್."

"ಆ ಆಸ್ಪತ್ರೆ ಚೆನ್ನಾಗಿದೆ ಅಂತಾರೆ."

"ಅಂತಾರೆ."

ಅವನು ತಿರುಗಿದ. ಹಾಲು ದಾಟಿ ಮೆಟ್ಟಿಲ ತನಕ ಬಂದ. ಕೆಳಗೆ ಅಕ್ಕನ ಕಾರು ನಿಂತಿತ್ತು. ಯಾವನೋ ಕಲಿಯುವವನು ಇಂಡಿಕೇಟರ್ ಹಾಕಿ ಹಾಗೇ ಬಿಟ್ಟುಹೋಗಿದ್ದ, ಅದು ಯಾರಿಗೂ ಏನೂ ಹೇಳದೆ ಮಿಣುಕುತ್ತಿತ್ತು. ಅವನು ಅದನ್ನು ನೋಡುತ್ತ ನಿಂತ. ತಾನು ಈಗ ಮಾಡಿದ್ದೂ ಅದೇ ಹಳೆಯ ಕೆಲಸ ಎನ್ನುವುದು ಆಗ ಹೊಳೆಯಿತು. ಅಂದು ಕೆಂಪು ನೋಡಿ ಹೌದು ಎಂದುಕೊಂಡಿದ್ದ. ಇಂದು ಕೆಂಪಿಲ್ಲದ್ದು ನೋಡಿ ಇಲ್ಲ ಎಂದುಕೊಂಡ. ಎರಡು ಸಲವೂ ಅವಳನ್ನು ಕೇಳಿರಲಿಲ್ಲ.

ವಾಪಸ್ಸು ಹೋದ. ಅವಳು ಕುರ್ಚಿಯಲ್ಲಿ ಹಾಗೇ ಕೂತಿದ್ದಳು, ಕಣ್ಣು ಬಾಗಿಲ ಮೇಲೆ.

"ನಿಮ್ಮ ಮುಖದಲ್ಲಿ ನನಗೆ ಏನೂ ಕಾಣ್ತಿಲ್ಲ," ಅಂದ. "ಕಂಡಿದ್ರೂ ನಂಬ್ತಿರಲಿಲ್ಲ. ಅದಕ್ಕೇ ಕೇಳ್ತಿದೀನಿ. ನೀವಂದ್ರೆ ನನಗೆ ಇಷ್ಟ. ತುಂಬಾ ಇಷ್ಟ. ನಿಮಗೆ ನಾನು ಇಷ್ಟಾನಾ? ಇಲ್ಲ ಅಂದ್ರೆ ಇಲ್ಲ ಅನ್ನಿ, ಬ್ಯಾಗ್ ಹಿಡ್ಕೊಂಡು ಕೆಳಗಿನವರೆಗೂ ಬರ್ತೀನಿ."

ಅವಳು ಬ್ಯಾಗಿನ ಪಕ್ಕದ ಜೇಬಿನಿಂದ ಒಂದು ಸಣ್ಣ ಟ್ಯೂಬು ತೆಗೆದು ಮೇಜಿನ ಮೇಲಿಟ್ಟಳು. ಅವನು ಹೆಸರು ಓದಿದ. ರಕ್ತನಾಳಗಳನ್ನು ಬಿಗಿ ಹಿಡಿದು ದಿನದ ಮಟ್ಟಿಗೆ ಮುಖವನ್ನು ಕೆಂಪಾಗಲು ಬಿಡದ ಜೆಲ್ಲು.

"ಬೆಳಗ್ಗೆ ಹಚ್ಕೊಂಡೆ," ಅಂದಳು. "ಮುಖದಲ್ಲಿ ಏನೂ ಸಿಗದಿದ್ರೆ ಇವರು ಕೇಳ್ತಾರಾ, ಹಾಗೇ ಹೋಗ್ತಾರಾ ನೋಡೋಣ ಅಂತ. ಹೋಗಿಬಿಟ್ರಿ. ಹೆಜ್ಜೆ ಮೆಟ್ಟಿಲವರೆಗೂ ಕೇಳಿಸ್ತು."

"ವಾಪಸ್ ಬಂದೆನಲ್ಲ."

"ಬಂದ್ರಿ. ಅದಕ್ಕೇ ಇನ್ನೂ ಕೂತಿದೀನಿ."

ಅವಳು ಒಂದು ಕ್ಷಣ ಮೇಜಿನ ಅಂಚನ್ನು ಹಿಡಿದುಕೊಂಡಳು. ಬಾಯಿಬಿಟ್ಟು ಹೇಳುವುದು ಅವಳಿಗೂ ಸುಲಭವಿರಲಿಲ್ಲ. ಆಮೇಲೆ ಹೇಳಿದಳು, ರೋಗಿಯೊಬ್ಬಳು ಸರಿಯಾದ ಡಾಕ್ಟರಿಗೆ ಹೇಳುವ ಹಾಗೆ, ಸ್ಪಷ್ಟವಾಗಿ.

"ಹೌದು. ಇಷ್ಟ."

ಅವನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟ.

"ಯಾವಾಗಿಂದ?"

"ನೀವು ಇಸ್ತ್ರಿ ಆಂಟಿ ಹತ್ತಿರ ಕ್ಷಮಿಸಿ ಅಂದ್ರಲ್ಲ, ಆವತ್ತಿಂದ."

"ಉರಿಯುತ್ತಾ?"

"ಸ್ವಲ್ಪ."

"ಯಾವಾಗ ಜಾಸ್ತಿ?"

"ನೀವು ಬಾಯಿ ಮುಚ್ಕೊಂಡು ಟವೆಲ್ ಮಡಚ್ತಾ ನಿಂತಿರ್ತೀರಲ್ಲ, ಆಗ," ಅಂದಳು. ಅವಳ ಮುಖ ಆಗಲೂ ಶಾಂತವಾಗಿಯೇ ಇತ್ತು. ಕಣ್ಣು ಮಾತ್ರ ತುಂಬಿ ಬಂದಿತ್ತು. ಅದಕ್ಕೆ ಜೆಲ್ಲಿನಲ್ಲಿ ಔಷಧಿಯಿರಲಿಲ್ಲ. "ನಾನು ಹೋಗೋದಂತೂ ಹೋಗೋದೇ. ಆ ಕೆಲಸ ನನಗೆ ಬೇಕು."

"ಗೊತ್ತು. ಹೋಗಿ. ಭಾನುವಾರ ಬರ್ಲಾ?"

"ಕೇಳ್ತಿದೀರಾ, ಹೇಳ್ತಿದೀರಾ?"

"ಕೇಳ್ತಿದೀನಿ."

"ಬನ್ನಿ. ಆದ್ರೆ ಈ ಜೆಲ್ ಬಿಟ್ಟಮೇಲೆ ಒಂದೊಂದು ಸಲ ಮುಖ ಎರಡರಷ್ಟು ಕೆಂಪಾಗುತ್ತೆ. ನೋಡಿ ಏನೇನೋ ಅಂದ್ಕೋಬೇಡಿ."

ಅವನು ಕೈ ಚಾಚಿದ. ನಡುವೆ ಗಾಜಿರಲಿಲ್ಲ. "ಮುಟ್ಟಬಹುದಾ?" ಅಂತ ಅದನ್ನೂ ಕೇಳಿದ. ಅವಳು ಉತ್ತರ ಹೇಳುವ ಬದಲು ಕೆನ್ನೆಯನ್ನು ಅವನ ಅಂಗೈಗೆ ಒರಗಿಸಿದಳು. ಬಣ್ಣವಿಲ್ಲದಿದ್ದರೂ ಅದು ಬೆಚ್ಚಗಿತ್ತು.

ದೀಪ ಆರಿಸಲು ಬಂದ ಸಿಸ್ಟರ್ ಬಾಗಿಲಲ್ಲೇ ನಿಂತರು. ಅವನು ಗಡಬಡಿಸಿ ಎದ್ದ. ಸಿಸ್ಟರ್ ಕನ್ನಡಕ ಸರಿಮಾಡಿಕೊಂಡು ಅವನನ್ನೇ ನೋಡಿದರು.

"ಏನು ಡಾಕ್ಟ್ರೇ, ಕಿವಿ ತನಕ ಕೆಂಪಾಗಿದೀರ?"

ಅವಳು ಛತ್ರಿ ಎತ್ತಿಕೊಂಡಳು, ಬ್ಯಾಗನ್ನು ಅವನ ಕೈಗೆ ಕೊಟ್ಟಳು.

"ಮುಖ ನೋಡಿ ತೀರ್ಮಾನ ಮಾಡ್ಬೇಡಿ ಸಿಸ್ಟರ್," ಅಂದಳು. "ಕೇಳಿ, ಅವರೇ ಹೇಳ್ತಾರೆ."